ನೌಕಾಪದಕಗಳೂ ಅವುಗಳ ಹಿಂದಿನ ನಾವಿಕರೂ

ಗತಕಾಲವನ್ನು ತಿಳಿಯಲು ನಮಗಿರುವ ಆಧಾರಗಳು ಎರಡು ಬಗೆಯವು, ಬರಹದ ಆಧಾರ ಒಂದು, ವಸ್ತುವಿನ ಆಧಾರ ಇನ್ನೊಂದು ಎಂಬುದು ಚರಿತ್ರೆಯನ್ನು ಐಚ್ಛಿಕವಾಗಿ ಆರಿಸಿಕೊಂಡ ವಿದ್ಯಾರ್ಥಿಗೆ ಮೊದಲನೆಯ ವರ್ಷದಲ್ಲಿಯೇ ಹೇಳಿಕೊಡುವ ಪಾಠ. ಶಾಸನ, ನಾಣ್ಯ, ಶಿಲ್ಪ, ದೇವಾಲಯ, ಮಡಕೆಯ ಚೂರು ಇವೆಲ್ಲ ಆ ಪಟ್ಟಿಯಲ್ಲಿ ಬರುತ್ತವೆ. ಪದಕದ ಹೆಸರು ಮಾತ್ರ ಅಲ್ಲಿ ಅಪರೂಪ. ಆದರೆ ಪದಕವು ನಾಣ್ಯದ ಒಡಹುಟ್ಟು. ಎರಡೂ ಟಂಕಸಾಲೆಯಲ್ಲಿ ಹುಟ್ಟತಕ್ಕವು. ಎರಡರಲ್ಲಿಯೂ ಒಂದು ಮುಖದಲ್ಲಿ ಅರಸನ ತಲೆ, ಇನ್ನೊಂದು ಮುಖದಲ್ಲಿ ದೇವತೆಯೋ ಲಾಂಛನವೋ ಇರುವುದುಂಟು. ಭೇದವಿರುವುದು ಅಂಚಿನಲ್ಲಿ. ಒಂದು ಅಚ್ಚಿನಿಂದ ಹೊರಬಿದ್ದ ಸಾವಿರ ನಾಣ್ಯಗಳಲ್ಲಿ ಒಂದಕ್ಕೂ ಮತ್ತೊಂದಕ್ಕೂ ವ್ಯತ್ಯಾಸವಿಲ್ಲ. ಪದಕದಲ್ಲಾದರೋ, ಆ ಸಣ್ಣ ಅಂಚಿನ ಸುತ್ತ ಒಬ್ಬ ಮನುಷ್ಯನ ಹೆಸರನ್ನು ಕೊರೆದಿರುತ್ತಾರೆ. ನಮ್ಮ ಮನೆಗಳಲ್ಲಿ ಮದುವೆಗೆ ಕೊಟ್ಟ ಪಾತ್ರೆಯ ಮೇಲೆ ಹೆಸರು ಕೊರೆಸುವಂತೆಯೇ ಇದು. ಪದಕದ ಮುಖ ಅರಸನದು, ಅಂಚು ಆಳಿನದು. ಈ ಅಂಚನ್ನು ಓದುವ ವಿದ್ಯೆಯ ಬಗೆಗೆ, ಅದರಲ್ಲಿಯೂ ಕಡಲಸೇನೆಯ ಪದಕಗಳನ್ನು ಕುರಿತು, ನಾನು ಓದಿ ತಿಳಿದುಕೊಂಡುದನ್ನು ಸಹಪಾಠಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲು ಒಂದು ಭೇದವನ್ನು ಗಮನಿಸಬೇಕು. ಪದಕಗಳಲ್ಲಿ ಶೌರ್ಯಪದಕ ಬೇರೆ, ಸೇವಾಪದಕ ಬೇರೆ. ಶೌರ್ಯಪದಕವು ಅಸಾಧಾರಣ ಸಾಹಸ ತೋರಿದ ಕೆಲವರಿಗೆ ಮಾತ್ರ ಸಲ್ಲತಕ್ಕದ್ದು. ಅಂಥವರ ಹೆಸರು ಪತ್ರಿಕೆಗಳಲ್ಲಿ ಬರುತ್ತದೆ, ಪುಸ್ತಕಗಳಲ್ಲಿ ಉಳಿಯುತ್ತದೆ. ಸೇವಾಪದಕವು ಹಾಗಲ್ಲ. ಒಂದು ಯುದ್ಧದಲ್ಲಿ, ಒಂದು ಹಡಗಿನಲ್ಲಿ ಇದ್ದವರಿಗೆಲ್ಲ ಅದು ಸಲ್ಲುತ್ತದೆ. ಹಡಗಿನ ನಾಯಕನಿಗೂ ಅದೇ. ಕಲ್ಲಿದ್ದಲು ತುಂಬುವವನಿಗೂ, ಅಡುಗೆಯವನಿಗೂ ಅದೇ. ಸಂಗ್ರಾಹಕರ ಪೇಟೆಯಲ್ಲಿ ಶೌರ್ಯಪದಕಕ್ಕೆ ಬೆಲೆ ಹೆಚ್ಚು. ಆದರೆ ಸಾಮಾನ್ಯ ಜನರ ಚರಿತ್ರೆಯನ್ನು ತಿಳಿಯಬೇಕೆನ್ನುವವನಿಗೆ ಸೇವಾಪದಕವೇ ಹೆಚ್ಚು ಬೆಲೆಯುಳ್ಳದ್ದು.

ಇಂಗ್ಲೆಂಡಿನ ನೌಕಾಸೇನೆಯ ಪದಕಗಳ ಚರಿತ್ರೆ ಇದಕ್ಕೆ ಒಳ್ಳೆಯ ನಿದರ್ಶನ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಫ್ರಾನ್ಸಿನೊಡನೆ ದೀರ್ಘ ಯುದ್ಧ ನಡೆಯುತ್ತಿದ್ದಾಗ, ೧೭೯೪ರಿಂದ ಮುಂದಕ್ಕೆ ಸರಕಾರವು ಅಡ್ಮಿರಲ್‌ಗಳಿಗೂ ಹಡಗಿನ ನಾಯಕರಿಗೂ ಚಿನ್ನದ ಪದಕ ಕೊಡುತ್ತಿತ್ತು. ಹಗ್ಗ ಎಳೆದು, ಹಾಯಿ ಕಟ್ಟಿ, ಫಿರಂಗಿ ಹಾರಿಸಿದ ಸಾಮಾನ್ಯ ನಾವಿಕನಿಗೆ ಏನೂ ಇರಲಿಲ್ಲ. ೧೭೯೮ರ ಆಗಸ್ಟ್ ೧ರಂದು ನಡೆದ ನೈಲ್ ಕಾಳಗದ ತರುವಾಯ ಅಲೆಕ್ಸಾಂಡರ್ ಡೇವಿಸನ್ ಎಂಬಾತ ತನ್ನ ಸ್ವಂತ ಖರ್ಚಿನಲ್ಲಿ ಎಲ್ಲರಿಗೂ ಪದಕ ಮಾಡಿಸಿ ಹಂಚಿದ. ಈತ ನೆಲ್ಸನ್ನನ ಲೇವಾದೇವಿಯ ವ್ಯವಹಾರ ನೋಡಿಕೊಳ್ಳುತ್ತಿದ್ದವನು. ಬರ್ಮಿಂಗ್‌ಹ್ಯಾಮಿನ ಮ್ಯಾಥ್ಯೂ ಬೋಲ್ಟನ್ನನ ಟಂಕಸಾಲೆಯಲ್ಲಿ ಅಚ್ಚಾದ ಆ ಪದಕಗಳಲ್ಲಿ ನಾಯಕರಿಗೆ ಚಿನ್ನ, ಲೆಫ್ಟಿನೆಂಟರಿಗೆ ಬೆಳ್ಳಿ, ಅವರ ಕೆಳಗಿನವರಿಗೆ ಚಿನ್ನದ ಮುಲಾಮಿನ ತಾಮ್ರ, ನಾವಿಕರಿಗೆ ಕಂಚು. ಲೋಹದಲ್ಲಿಯೇ ಜಾತಿಭೇದ! ಆದರೂ ಸಾಮಾನ್ಯನ ಕೈಗೆ ಪದಕ ಬಂದುದು ದೊಡ್ಡ ಸಂಗತಿ. ಅವುಗಳ ಅಂಚಿನಲ್ಲಿ ಪಡೆದವನ ಹೆಸರಿರಲಿಲ್ಲ. ಕೆಲವು ನಾವಿಕರು ತಾವೇ ಕಾಸು ಕೊಟ್ಟು ತಮ್ಮ ಹೆಸರನ್ನೂ ಹಡಗಿನ ಹೆಸರನ್ನೂ ಕೊರೆಸಿಕೊಂಡರು. ಕೊರೆಸಿಕೊಳ್ಳಬೇಕೆಂದು ಅವರಿಗೆ ಅನ್ನಿಸಿತಲ್ಲ, ಅದೇ ಮುಖ್ಯ.

ಸರಕಾರವು ಎಚ್ಚೆತ್ತುಕೊಂಡದ್ದು ೧೮೪೭ರಲ್ಲಿ. ಆ ವರ್ಷದ ಜೂನ್ ೧ರ ಆಜ್ಞೆಯಂತೆ ಸಾಮಾನ್ಯ ನೌಕಾಸೇವಾ ಪದಕವೊಂದು ಹೊರಟಿತು. ೧೭೯೩ರಿಂದ ೧೮೪೦ರವರೆಗಿನ ಸುಮಾರು ೨೩೦ ಕಾಳಗಗಳನ್ನು ಅದಕ್ಕಾಗಿ ಗುರುತಿಸಿದರು. ಪದಕ ಬೆಳ್ಳಿಯದು, ಒಂದು ಮುಖದಲ್ಲಿ ವಿಕ್ಟೋರಿಯಾ ರಾಣಿಯ ಎಳೆಯ ಮುಖ, ಇನ್ನೊಂದರಲ್ಲಿ ತ್ರಿಶೂಲ ಹಿಡಿದು ಸಮುದ್ರಕುದುರೆಯ ಮೇಲೆ ಕುಳಿತ ಬ್ರಿಟಾನಿಯಾ ದೇವಿ. ಕೆತ್ತಿದವನು ವಿಲಿಯಂ ವಯಾನ್. ಬಿಳಿಯ ರಿಬ್ಬನ್ನಿಗೆ ಎರಡು ಕಡೆಯೂ ಕಡುನೀಲಿಯ ಅಂಚು. ಆ ರಿಬ್ಬನ್ನಿನ ಮೇಲೆ ಕಾಳಗಕ್ಕೊಂದರಂತೆ ಹೆಸರು ಬರೆದ ಬೆಳ್ಳಿಯ ಅಡ್ಡಪಟ್ಟಿ. ಇದಕ್ಕೆ ಕ್ಲಾಸ್ಪ್ ಎಂದು ಹೆಸರು. ಒಬ್ಬನಿಗೆ ಸಿಕ್ಕಿದ ಅಡ್ಡಪಟ್ಟಿಗಳು ಏಳನ್ನು ಮೀರಲಿಲ್ಲ. ಬಹುಮಂದಿಗೆ ಸಿಕ್ಕಿದ್ದು ಒಂದೇ. ಎಲ್ಲಕ್ಕಿಂತ ಮಿಗಿಲಾಗಿ, ಪ್ರತಿಯೊಂದು ಪದಕದ ಅಂಚಿನಲ್ಲಿಯೂ ಪಡೆದವನ ಹೆಸರನ್ನು ಸರಕಾರವೇ ಅಚ್ಚೊತ್ತಿಸಿತು.

ಇಷ್ಟು ಕೇಳಿದರೆ ಇದೊಂದು ಉದಾರವಾದ ಕಾರ್ಯವೆಂದೇ ತೋರುತ್ತದೆ. ಆದರೆ ಅದರ ನಿಬಂಧನೆಗಳನ್ನು ನೋಡಿರಿ. ಪದಕ ಬದುಕಿರುವವರಿಗೆ ಮಾತ್ರ. ಅದೂ ಅರ್ಜಿ ಹಾಕಿಕೊಂಡವರಿಗೆ ಮಾತ್ರ. ಟ್ರಫಾಲ್ಗರ್ ಕಾಳಗ ನಡೆದದ್ದು ೧೮೦೫ರ ಅಕ್ಟೋಬರ್ ೨೧ರಂದು. ಅಂದು ಇಪ್ಪತ್ತು ವರ್ಷದವನಾಗಿದ್ದ ನಾವಿಕನಿಗೆ ೧೮೪೭ರಲ್ಲಿ ಅರವತ್ತೆರಡು. ಆ ಕಾಳಗದಲ್ಲಿ ಇಂಗ್ಲೆಂಡಿನ ಪರವಾಗಿ ಇದ್ದವರು ಹದಿನೆಂಟು ಸಾವಿರದಷ್ಟು ಜನ. ಟ್ರಫಾಲ್ಗರ್ ಪಟ್ಟಿಯನ್ನು ಪಡೆದವರು ಹತ್ತರಲ್ಲಿ ಒಬ್ಬರಷ್ಟೂ ಇಲ್ಲ. ಉಳಿದವರು ಎಲ್ಲಿ ಹೋದರು? ಬಹುಮಂದಿ ಸತ್ತಿದ್ದರು. ಬದುಕಿದ್ದವರಲ್ಲಿಯೂ ಪ್ರಕಟಣೆಯನ್ನು ಓದಲಾರದವರು, ಅರ್ಜಿ ಬರೆಯಲಾರದವರು ಎಷ್ಟು ಮಂದಿ ಇದ್ದಿರಬೇಕು! ಈ ಅಂಶ ನನ್ನನ್ನು ಬಹಳವಾಗಿ ಕಾಡಿತು. ನಮ್ಮ ಅಜ್ಜ ಜೀವಮಾನವೆಲ್ಲ ಕಾಗದಕ್ಕೆ ಹೆಬ್ಬೆಟ್ಟೊತ್ತಿದವರು. ತಂದೆಯವರು ತಮ್ಮ ಹೆಸರನ್ನಷ್ಟೇ ಬರೆಯಬಲ್ಲರು. ಅರ್ಜಿಯೊಂದನ್ನು ಮೊದಲಿನಿಂದ ಕೊನೆಯವರೆಗೆ ಬರೆದವರಲ್ಲಿ ನಮ್ಮ ಮನೆಗೆ ನಾನೇ ಮೊದಲಿಗ. ಮಾಡಿದ ದುಡಿಮೆಗೆ ಸಲ್ಲಬೇಕಾದುದು ಅಕ್ಷರ ಬಲ್ಲವನಿಗೆ ಸಲ್ಲುವುದು, ಬಾರದವನಿಗೆ ತಪ್ಪಿಹೋಗುವುದು ಇಂಗ್ಲೆಂಡಿನ ಮಾತು ಮಾತ್ರವೇನೂ ಅಲ್ಲ. ಒಟ್ಟಿನಲ್ಲಿ, ಸುಮಾರು ಅರ್ಧ ಶತಮಾನದ ಯುದ್ಧಗಳಿಗೆ ಸಂದ ಪದಕಗಳು ೨೦,೯೦೦ರಷ್ಟು.

ಈ ಪದಕದ ಕಥೆಯಲ್ಲಿ ನಗುವೂ ನೋವೂ ಒಟ್ಟಿಗೆ ಬರುವ ಪ್ರಸಂಗವೊಂದುಂಟು. ಅಂದಿನ ಯುದ್ಧನೌಕೆಗಳಲ್ಲಿ ಹೆಂಗಸರೂ ಇರುತ್ತಿದ್ದರು. ಕಾಳಗದ ಹೊತ್ತಿನಲ್ಲಿ ಮದ್ದನ್ನು ಫಿರಂಗಿಗಳ ಬಳಿಗೆ ಸಾಗಿಸುವುದು, ಗಾಯಗೊಂಡವರನ್ನು ನೋಡಿಕೊಳ್ಳುವುದು ಮುಂತಾದ ಕೆಲಸಗಳನ್ನು ಅವರು ಮಾಡಿದರು. ಟ್ರಫಾಲ್ಗರಿನಲ್ಲಿ ‘ಡಿಫಯನ್ಸ್’ ಹಡಗಿನಲ್ಲಿದ್ದ ಜೇನ್ ಟೌನ್‌ಶೆಂಡ್, ನೈಲ್ ಕಾಳಗದಲ್ಲಿ ‘ಗೋಲಿಯತ್’ ಹಡಗಿನಲ್ಲಿದ್ದ ಆ್ಯನ್ ಹಾಪಿಂಗ್ ಮತ್ತು ಮೇರಿ ಆ್ಯನ್ ರೈಲಿ, ಈ ಮೂವರೂ ಪದಕಕ್ಕಾಗಿ ಅರ್ಜಿ ಹಾಕಿದರು. ಇವರಿಗೆ ಕೊಟ್ಟರೆ ಇಂಥ ಅರ್ಜಿಗಳು ಲೆಕ್ಕವಿಲ್ಲದಷ್ಟು ಬಂದಾವು ಎಂದು ಅಧಿಕಾರಿಗಳು ಅವನ್ನು ತಿರಸ್ಕರಿಸಿದರು. ಇತ್ತ, ೧೭೯೪ರ ಜೂನ್ ೧ರ ಕಾಳಗದ ಸಮಯದಲ್ಲಿ ‘ಟ್ರೆಮೆಂಡಸ್’ ಎಂಬ ಹಡಗಿನಲ್ಲಿ ಒಂದು ಗಂಡುಮಗು ಹುಟ್ಟಿತ್ತು. ಹಡಗಿನ ಹೆಸರನ್ನೇ ಸೇರಿಸಿ ಅವನಿಗೆ ಡೇನಿಯಲ್ ಟ್ರೆಮೆಂಡಸ್ ಮೆಕೆಂಜಿ ಎಂದು ಹೆಸರಿಟ್ಟಿದ್ದರು. ಐವತ್ತಮೂರನೆಯ ವಯಸ್ಸಿನ ಸುಮಾರಿಗೆ ಅವನಿಗೆ ಪದಕ ದೊರೆಯಿತು; ದಾಖಲೆಯಲ್ಲಿ ಅವನ ಹುದ್ದೆಯನ್ನು ‘ಮಗು’ ಎಂದೇ ಬರೆದರು. ಹುಟ್ಟಿದ ಮಗನಿಗೆ ಪದಕ. ಹೆತ್ತ ತಾಯಂದಿರಂಥವರಿಗೆ ಇಲ್ಲ!

ನಮ್ಮ ದೇಶಕ್ಕೂ ಈ ಪದಕಕ್ಕೂ ಒಂದು ನಂಟಿದೆ. ೧೮೨೭ರ ಅಕ್ಟೋಬರ್ ೨೦ರಂದು ಗ್ರೀಸಿನ ನವಾರಿನೋ ಕೊಲ್ಲಿಯಲ್ಲಿ ಇಂಗ್ಲೆಂಡ್, ಫ್ರಾನ್ಸ್, ರಷ್ಯಗಳ ಹಡಗುಪಡೆಯು ತುರ್ಕಿ ಮತ್ತು ಈಜಿಪ್ಟುಗಳ ಪಡೆಯನ್ನು ಸೋಲಿಸಿತು. ಅಂದು ಅಡ್ಮಿರಲ್ ಕಾಡ್ರಿಂಗ್ಟನ್ನನು ನಿಂತಿದ್ದ ‘ಏಷಿಯಾ’ ಎಂಬ ಹಡಗು ಮುಂಬಯಿಯಲ್ಲಿ ಕಟ್ಟಿದ್ದು. ವಾಡಿಯಾ ಮನೆತನದ ಪಾರಸಿ ಶಿಲ್ಪಿಗಳ ಕೈಯಲ್ಲಿ, ತೇಗದ ಮರದಿಂದ ಕಟ್ಟಿದ ಆ ಹಡಗು ೧೮೨೪ರಲ್ಲಿ ನೀರಿಗಿಳಿದಿತ್ತು. ಅದರ ಮೇಲೆ ನಿಂತು ಕಾದಾಡಿದ ನಾವಿಕನಿಗೆ ‘ನವಾರಿನೋ’ ಎಂಬ ಬೆಳ್ಳಿಯ ಪಟ್ಟಿ ದೊರೆಯಿತು. ಘಟ್ಟದಲ್ಲಿ ಆ ಮರವನ್ನು ಕಡಿದವನಿಗೆ, ಮುಂಬಯಿಯ ಬಿಸಿಲಿನಲ್ಲಿ ಅದಕ್ಕೆ ಬಾಚಿ ಹಿಡಿದವನಿಗೆ ಯಾವ ಪಟ್ಟಿಯೂ ಇಲ್ಲ. ಪದಕವು ತೋರಿಸುವುದೆಷ್ಟು, ಮರೆಸುವುದೆಷ್ಟು ಎಂಬುದನ್ನು ಸಂಗ್ರಾಹಕನು ಸದಾ ನೆನಪಿನಲ್ಲಿಟ್ಟುಕೊಳ್ಳಬೇಕು.

ಇನ್ನು ಸಂಗ್ರಾಹಕನು ಕೆಲಸ ಮಾಡುವ ಕ್ರಮವನ್ನು ನೋಡೋಣ. ಅವನು ಮೊದಲು ನೋಡುವುದು ಪದಕದ ಮುಖವನ್ನಲ್ಲ, ಅಂಚನ್ನು. ಭೂತಗನ್ನಡಿ ಹಿಡಿದು ಅಲ್ಲಿರುವ ಸಂಖ್ಯೆ, ಹೆಸರು, ದರ್ಜೆಗಳನ್ನು ಬರೆದುಕೊಳ್ಳುತ್ತಾನೆ. ಹಿಂದೆ ಬ್ರಿಟಿಷ್ ನಾವಿಕರನ್ನು ಒಂದು ಹಡಗಿನ ಒಂದು ಯಾನಕ್ಕೆಂದು ಕೂಡಿಸಿಕೊಳ್ಳುತ್ತಿದ್ದರು. ಯಾನ ಮುಗಿದೊಡನೆ ಸಂಬಳ ಕೊಟ್ಟು ಕಳುಹಿಸಿಬಿಡುತ್ತಿದ್ದರು. ಅಂಥವರನ್ನು ಹುಡುಕಬೇಕಾದರೆ ಆಯಾ ಹಡಗಿನ ಹಾಜರಿ ಪುಸ್ತಕವನ್ನೇ ತಿರುವಿಹಾಕಬೇಕು. ೧೮೫೩ರಲ್ಲಿ ಎಡೆಬಿಡದ ಸೇವೆಯ ಪದ್ಧತಿ ಜಾರಿಗೆ ಬಂದ ಮೇಲೆ ಒಬ್ಬೊಬ್ಬ ನಾವಿಕನಿಗೂ ಒಂದು ಸಂಖ್ಯೆಯೂ ಅವನ ಹೆಸರಿನ ಒಂದು ದಾಖಲೆಯೂ ಉಂಟಾದವು. ಲಂಡನ್ನಿನ ಕ್ಯೂ ಎಂಬಲ್ಲಿರುವ ರಾಷ್ಟ್ರೀಯ ದಫ್ತರಖಾನೆಯಲ್ಲಿ ಈ ದಾಖಲೆಗಳನ್ನು ಕಾಪಾಡಿಟ್ಟಿದ್ದಾರೆ. ಇಂದು ಅವುಗಳ ಬಹುಭಾಗವನ್ನು ಗಣಕಯಂತ್ರದ ಮೂಲಕ ಎಲ್ಲಿಂದ ಬೇಕಾದರೂ ನೋಡಬಹುದು.

ಆ ದಾಖಲೆಯಲ್ಲಿ ಏನಿರುತ್ತದೆ? ಹುಟ್ಟಿದ ಊರು ಮತ್ತು ತಾರೀಖು, ಸೇರುವ ಮುಂಚಿನ ಕಸುಬು, ಎತ್ತರ, ಕೂದಲಿನ ಬಣ್ಣ, ಕಣ್ಣಿನ ಬಣ್ಣ, ಮೈಮೇಲಿನ ಗಾಯದ ಗುರುತು, ಹಚ್ಚೆ, ಒಂದಾದ ಮೇಲೊಂದರಂತೆ ಅವನಿದ್ದ ಹಡಗುಗಳು, ವರ್ಷಕ್ಕೊಮ್ಮೆ ಬರೆದ ನಡತೆಯ ಷರಾ. ೧೯೦೮ರ ತರುವಾಯದ ಸಂಖ್ಯೆಗಳಲ್ಲಿ ಮೊದಲ ಅಕ್ಷರವೇ ಕಸುಬನ್ನು ಹೇಳುತ್ತದೆ. ‘ಜೆ’ ಎಂದಿದ್ದರೆ ಹಡಗಿನ ಮೇಲ್ಗಟ್ಟಿನ ನಾವಿಕ. ‘ಕೆ’ ಎಂದಿದ್ದರೆ ಕೆಳಗೆ ಬೆಂಕಿಯ ಮುಂದೆ ದುಡಿಯುವವನು. ‘ಎಲ್’ ಎಂದಿದ್ದರೆ ಅಧಿಕಾರಿಗಳ ಅಡುಗೆಯವನು ಅಥವಾ ಪರಿಚಾರಕ. ಹೀಗೆ ಅಂಚಿನ ಮೇಲಿನ ಒಂದು ಅಕ್ಷರದಿಂದ ಹೊರಟು ಒಬ್ಬನ ಕಣ್ಣಿನ ಬಣ್ಣದವರೆಗೆ ಹೋಗಬಹುದು. ನಮ್ಮ ಎಷ್ಟೋ ಅರಸರ ಕಣ್ಣಿನ ಬಣ್ಣ ನಮಗೆ ಗೊತ್ತಿಲ್ಲ; ಯಾವನೋ ಬಡ ನಾವಿಕನದು ಗೊತ್ತಾಗುತ್ತದೆ!

ದೀರ್ಘಸೇವೆ ಮತ್ತು ಸನ್ನಡತೆಯ ಪದಕವೆಂಬುದೊಂದು ಬೇರೆ. ನಾಲ್ಕನೆಯ ವಿಲಿಯಂ ದೊರೆ ಇದನ್ನು ೧೮೩೧ರಲ್ಲಿ ಏರ್ಪಡಿಸಿದ. ಅದರ ಒಂದು ಮುಖದಲ್ಲಿ ದೊರೆಯ ತಲೆಯೂ ಇರಲಿಲ್ಲ. ಇದ್ದದ್ದು ಲಂಗರು, ಅದರ ಮೇಲೊಂದು ಕಿರೀಟ. ಇನ್ನೊಂದು ಮುಖದಲ್ಲಿ ನಾವಿಕನ ಹೆಸರು, ಹಡಗು, ಸೇವೆಯ ವರ್ಷಗಳು. ಆಗ ಅದನ್ನು ಪಡೆಯಲು ಇಪ್ಪತ್ತೊಂದು ವರ್ಷ ದುಡಿದಿರಬೇಕಾಗಿತ್ತು. ಹಡಗಿನ ಕಹಿಯಾದ ಊಟ, ಚಳಿ, ರೋಗ, ಚಾವಟಿಯ ಏಟು ಇವುಗಳ ನಡುವೆ ಇಪ್ಪತ್ತೊಂದು ವರ್ಷ ತಾಳಿದವನ ಕಥೆ ಒಂದು ಕಾಳಗದ ಕಥೆಗಿಂತ ಕಡಮೆಯದೆಂದು ನನಗೆ ತೋರುವುದಿಲ್ಲ.

ಪದಕಸಂಗ್ರಹವೆಂಬುದು ಕೆಲಸವಿಲ್ಲದ ಶ್ರೀಮಂತರ ಹವ್ಯಾಸವೆಂದು ಕೆಲವರು ಹೇಳುವುದುಂಟು. ಅದರಲ್ಲಿ ಸ್ವಲ್ಪ ಸತ್ಯವೂ ಇಲ್ಲದಿಲ್ಲ. ಆದರೆ ಬಲ್ಲವರು ಇದನ್ನೊಂದು ಶಾಸ್ತ್ರದಂತೆ ಬೆಳೆಸಿದರು. ಬ್ಯಾಟನ್‌ಬರ್ಗಿನ ಲೂಯಿ ಎಂಬ ಅಡ್ಮಿರಲ್ ೧೯೧೨ರಿಂದ ೧೯೧೪ರವರೆಗೆ ಬ್ರಿಟಿಷ್ ನೌಕಾಸೇನೆಯ ಮುಖ್ಯಸ್ಥನಾಗಿದ್ದ. ಜರ್ಮನ್ ಮೂಲದವನೆಂಬ ಕಾರಣಕ್ಕೆ ಯುದ್ಧದ ಆರಂಭದಲ್ಲಿಯೇ ಆ ಪದವಿಯನ್ನು ಬಿಡಬೇಕಾಯಿತು. ಆತ ಜೀವಮಾನದಲ್ಲಿ ಕೂಡಿಸಿದ ನೌಕಾಪದಕಗಳನ್ನು ಆಧಾರವಾಗಿಟ್ಟುಕೊಂಡು ಬ್ರಿಟಿಷ್ ನೌಕಾಪದಕಗಳ ಮೇಲೆ ೧೯೧೯ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದ. ನಮ್ಮ ದೇಶದ ಕೊನೆಯ ವೈಸರಾಯ್ ಮೌಂಟ್‌ಬ್ಯಾಟನ್ ಈತನ ಮಗ.

ಶಾಸ್ತ್ರವಿದ್ದಲ್ಲಿ ಮೋಸವೂ ಇದ್ದೇ ಇರುತ್ತದೆ. ಸಾಮಾನ್ಯವಾದ ಹೆಸರನ್ನು ಅಂಚಿನಿಂದ ಉಜ್ಜಿ ತೆಗೆದು ಪ್ರಸಿದ್ಧ ಕಾಳಗದಲ್ಲಿದ್ದವನ ಹೆಸರನ್ನು ಕೊರೆಯುವವರುಂಟು. ಉಜ್ಜಿದ ಪದಕದ ಅಗಲ ಕೂದಲೆಳೆಯಷ್ಟು ಕಡಮೆಯಾಗಿರುತ್ತದೆ; ಅಳತೆಯ ಉಪಕರಣದಿಂದ ಇದನ್ನು ಕಂಡುಹಿಡಿಯುತ್ತಾರೆ. ಮೋಸವಿಲ್ಲದೆಯೂ ಹೆಸರು ಅಳಿಯುವುದುಂಟು. ಹಿತ್ತಾಳೆಯ ಚೊಂಬನ್ನು ಹುಣಿಸೆಹಣ್ಣು ಹಾಕಿ ತಿಕ್ಕಿದಂತೆ ಮನೆಯವರು ಅಕ್ಕರೆಯಿಂದಲೇ ಪದಕವನ್ನು ತಿಕ್ಕುತ್ತಾ ಬಂದರೆ ಎರಡು ತಲೆಮಾರಿನಲ್ಲಿ ಹೆಸರು ಮಾಸುತ್ತದೆ. ಇನ್ನು ಲೋಹದ ಬೆಲೆಯೇ ಪದಕಕ್ಕೆ ಶತ್ರು. ಮೊದಲನೆಯ ಮಹಾಯುದ್ಧದ ಬೆಳ್ಳಿಯ ಪದಕವನ್ನು ಭೂಸೇನೆ ನೌಕಾಸೇನೆಗಳೆರಡೂ ಸೇರಿ ಅರವತ್ತು ಲಕ್ಷಕ್ಕೂ ಹೆಚ್ಚು ಜನರಿಗೆ ಕೊಟ್ಟಿದ್ದರು. ೧೯೮೦ರ ಸುಮಾರಿನಲ್ಲಿ ಬೆಳ್ಳಿಯ ಬೆಲೆ ವಿಪರೀತ ಏರಿದಾಗ ಅವುಗಳಲ್ಲಿ ಎಷ್ಟೋ ಮೂಸೆಗೆ ಬಿದ್ದು ಕರಗಿಹೋದವು. ಒಂದು ಪದಕ ಕರಗಿದರೆ ಹೋಗುವುದು ಒಂದು ತುಂಡು ಬೆಳ್ಳಿಯಲ್ಲ, ಒಂದು ಹೆಸರು.

ಹೆಸರೇ ಇಲ್ಲದ ಪದಕಗಳ ವಿಷಯ ಇನ್ನೂ ಶೋಚನೀಯ. ೧೮೫೪-೫೫ರ ಬಾಲ್ಟಿಕ್ ಪದಕವನ್ನು ನಾವಿಕರಿಗೆ ಹೆಸರಿಲ್ಲದೆಯೇ ಕೊಟ್ಟರು. ಎರಡನೆಯ ಮಹಾಯುದ್ಧದ ಪದಕಗಳನ್ನೂ ಬ್ರಿಟನ್ ತನ್ನವರಿಗೆ ಹೆಸರಿಲ್ಲದೆಯೇ ಹಂಚಿತು. ಆಸ್ಟ್ರೇಲಿಯ, ದಕ್ಷಿಣ ಆಫ್ರಿಕಗಳು ಹೆಸರು ಕೊರೆಸಿ ಕೊಟ್ಟವು. ಮನೆಯಿಂದ ಹೊರಬಿದ್ದೊಡನೆ ಅಂಥ ಪದಕ ಅನಾಥವಾಗುತ್ತದೆ. ಲೋಹಭೇದವೂ ಡೇವಿಸನ್ನನ ಕಾಲಕ್ಕೆ ಮುಗಿಯಲಿಲ್ಲ. ಮೊದಲನೆಯ ಮಹಾಯುದ್ಧದ ಪದಕವು ಉಳಿದವರಿಗೆ ಬೆಳ್ಳಿಯದಾದರೆ ಚೀನೀ, ಮಾಲ್ಟೀಸ್, ಭಾರತೀಯ ಕೂಲಿಪಡೆಗಳವರಿಗೆ ಕಂಚಿನದು. ಆ ಯುದ್ಧದಲ್ಲಿ ಬ್ರಿಟಿಷ್ ವ್ಯಾಪಾರಿ ಹಡಗುಗಳಲ್ಲಿ ನಮ್ಮ ದೇಶದ ಸಹಸ್ರಾರು ಖಲಾಸಿಗಳಿದ್ದರು. ಲಾಸ್ಕರರೆಂದು ಅವರನ್ನು ಕರೆಯುತ್ತಿದ್ದರು. ಅವರ ಸಂಬಳ ಬಿಳಿಯ ನಾವಿಕನ ಸಂಬಳಕ್ಕಿಂತ ಬಹಳ ಕಡಮೆ. ಟಾರ್ಪೆಡೋ ಬಡಿದರೆ ಮುಳುಗುವುದು ಮಾತ್ರ ಒಟ್ಟಿಗೇ. ಬಂಗಾಳ ಅಸ್ಸಾಮುಗಳಿಂದ ಹೋಗಿ ಮಡಿದ ೮೯೬ ಲಾಸ್ಕರರ ನೆನಪಿಗಾಗಿ ಕಲಕತ್ತೆಯ ಹೂಗ್ಲಿ ತೀರದಲ್ಲಿ ೧೯೨೪ರಲ್ಲಿ ಒಂದು ಸ್ಮಾರಕ ಎದ್ದಿತು.

ಇಲ್ಲಿ ನಮ್ಮ ನಾಡಿನ ವೀರಗಲ್ಲುಗಳು ನೆನಪಿಗೆ ಬರುತ್ತವೆ. ತುರುಗೋಳಿನಲ್ಲಿ ಮಡಿದ ಸಾಮಾನ್ಯ ಒಕ್ಕಲಿಗನಿಗೂ ಕಲ್ಲು ನಿಲ್ಲಿಸಿದ ನಾಡು ನಮ್ಮದು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ಒಯ್ಯುವುದು, ಮೇಲೆ ದೇವರ ಸನ್ನಿಧಿ. ಮುಂಬಯಿಯ ಬೊರಿವಿಲಿಯ ಬಳಿಯ ಎಕ್ಸಾರಿನಲ್ಲಿರುವ ವೀರಗಲ್ಲುಗಳ ಮೇಲೆ ಹುಟ್ಟು ಹಾಕುವವರ ಸಾಲುಗಳಿಂದ ಕೂಡಿದ ಹಡಗುಗಳ ಕಾಳಗವನ್ನೇ ಕೆತ್ತಿದ್ದಾರೆ. ವೀರಗಲ್ಲು ಸತ್ತವನಿಗೆ, ೧೮೪೭ರ ಪದಕ ಬದುಕಿದವನಿಗೆ. ವೀರಗಲ್ಲು ಊರಿನ ಬಯಲಿನಲ್ಲಿ ಎಲ್ಲರೂ ನೋಡುವಂತೆ ನಿಲ್ಲುತ್ತದೆ; ಪದಕ ಪೆಟ್ಟಿಗೆಯೊಳಗೆ ಸೇರಿಕೊಳ್ಳುತ್ತದೆ. ಆದರೆ ಎರಡರ ಬೇಡಿಕೆಯೂ ಒಂದೇ: ನನ್ನ ಹೆಸರನ್ನು ಓದಿ ಮುಂದೆ ಹೋಗು ಎಂಬುದು. ಮೊದಲನೆಯ ಮಹಾಯುದ್ಧದಲ್ಲಿ ಮಡಿದವರ ಮನೆಗಳಿಗೆ ಬ್ರಿಟನ್ ಕಳುಹಿಸಿದ ಕಂಚಿನ ಫಲಕಗಳಲ್ಲಿ ದರ್ಜೆಯನ್ನು ಬರೆಯದೆ ಹೆಸರನ್ನು ಮಾತ್ರ ಬರೆದರು. ಸಾವಿನಲ್ಲಾದರೂ ಅಡ್ಮಿರಲ್ಲನೂ ಅಡುಗೆಯವನೂ ಒಂದೇ ಸಾಲಿಗೆ ಬಂದರು.

ನನ್ನ ಸ್ನೇಹಿತನೊಬ್ಬ ಇದನ್ನೆಲ್ಲ ಕೇಳಿ, “ನಮ್ಮನ್ನು ಆಳಿದವರ ಪದಕದ ಗೊಡವೆ ನಮಗೇಕೆ ಮಾರಾಯ?” ಎಂದ. ಪ್ರಶ್ನೆ ನ್ಯಾಯವಾದುದೇ. ಸನ್ನಡತೆಯ ಪದಕವೆಂದರೆ ಅಪ್ಪಣೆ ಮೀರದವನಿಗೆ ಕೊಡುವ ಪದಕ. ೧೯೪೬ರ ಫೆಬ್ರವರಿ ೧೮ರಂದು ಮುಂಬಯಿಯ ‘ತಲ್ವಾರ್’ ನೌಕಾಶಾಲೆಯಲ್ಲಿ ಕೆಟ್ಟ ಊಟ ಮತ್ತು ಅವಮಾನಗಳನ್ನು ಪ್ರತಿಭಟಿಸಿ ನಮ್ಮ ನಾವಿಕರು ಎದ್ದು ನಿಂತರು. ಆ ಕಿಚ್ಚು ಬಂದರಿನಿಂದ ಬಂದರಿಗೆ ಹಬ್ಬಿತು. ಅವರಲ್ಲಿ ನೂರಾರು ಮಂದಿ ಕೆಲಸ ಕಳೆದುಕೊಂಡರು. ಆ ಕಾರ್ಯಕ್ಕೆ ಅಂದಿನ ಸರಕಾರ ಪದಕ ಕೊಡಲಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ. ಆದುದರಿಂದ ಪದಕವನ್ನು ಓದುವಾಗ, ಅದು ಯಾರು ಕೊಟ್ಟದ್ದು, ಯಾವುದಕ್ಕೆ ಕೊಟ್ಟದ್ದು, ಯಾವುದಕ್ಕೆ ಕೊಡಲಿಲ್ಲ ಎಂಬ ಮೂರನ್ನೂ ಕೇಳಬೇಕು. ಆಂಗ್ಲರಿಂದ ನಾವು ಕಲಿಯತಕ್ಕದ್ದು ಅವರ ಪದಕದ ಮೋಹವನ್ನಲ್ಲ; ಸಾಮಾನ್ಯನೊಬ್ಬನ ಹೆಸರಿನ ಬೆನ್ನುಹತ್ತಿ ದಾಖಲೆಗಳನ್ನು ಹುಡುಕುವ ತಾಳ್ಮೆಯನ್ನು.

ಈ ತಾಳ್ಮೆಗೆ ನಮ್ಮಲ್ಲಿಯೇ ಬೇಕಾದಷ್ಟು ಕೆಲಸವಿದೆ. ಕಾರವಾರದ ಕಡಲಿನಲ್ಲಿ ಕಾಣುವ ಅಂಜದೀವ್ ದ್ವೀಪವನ್ನು ಪೋರ್ಚುಗೀಸರಿಂದ ಬಿಡಿಸಲು ೧೯೬೧ರ ಡಿಸೆಂಬರ್ ೧೮ರಂದು ‘ತ್ರಿಶೂಲ್’ ಮತ್ತು ‘ಮೈಸೂರು’ ಹಡಗುಗಳು ಬಂದಿದ್ದವು. ‘ಮೈಸೂರು’ ಎಂಬುದು ‘ನೈಜೀರಿಯಾ’ ಎಂಬ ಹೆಸರಿನ ಬ್ರಿಟಿಷ್ ಹಡಗಾಗಿದ್ದು ೧೯೫೭ರಲ್ಲಿ ನಮ್ಮ ನೌಕಾಸೇನೆಗೆ ಸೇರಿತು. ಅದರ ಲಾಂಛನ ನಮ್ಮ ಗಂಡಭೇರುಂಡ. ಅಂದಿನ ಕಾರ್ಯದಲ್ಲಿ ಮಡಿದ ನಮ್ಮ ಏಳು ನಾವಿಕರ ಸ್ಮಾರಕ ಗೋವೆಯ ನೌಕಾನೆಲೆಯಲ್ಲಿದೆ. ಆ ಕಾರ್ಯಕ್ಕೆ ಸಾಮಾನ್ಯ ಸೇವಾಪದಕದ ಮೇಲೆ ‘ಗೋವಾ ೧೯೬೧’ ಎಂಬ ಅಡ್ಡಪಟ್ಟಿಯನ್ನು ಕೊಟ್ಟರು. ಹತ್ತು ವರ್ಷಗಳ ತರುವಾಯ, ೧೯೭೧ರ ಡಿಸೆಂಬರ್ ೯ರ ರಾತ್ರಿ ‘ಖುಕ್ರಿ’ ಹಡಗು ಟಾರ್ಪೆಡೋ ತಗುಲಿ ಮುಳುಗಿದಾಗ ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಅವರು ಹಡಗನ್ನು ಬಿಡದೆ ಅದರೊಡನೆಯೇ ಮುಳುಗಿದರು. ಅವರ ಹೆಸರನ್ನು ಶಾಲೆಯ ಮಕ್ಕಳೂ ಬಲ್ಲರು, ಬಲ್ಲಿರಬೇಕಾದದ್ದೇ. ಅವರೂ ಸೇರಿ ಅಂದು ಮುಳುಗಿದವರು ಹದಿನೆಂಟು ಅಧಿಕಾರಿಗಳು ಮತ್ತು ನೂರ ಎಪ್ಪತ್ತಾರು ನಾವಿಕರು. ಆ ನೂರ ಎಪ್ಪತ್ತಾರು ಹೆಸರುಗಳಲ್ಲಿ ಒಂದನ್ನಾದರೂ ನಮ್ಮಲ್ಲಿ ಎಷ್ಟು ಮಂದಿ ಬಲ್ಲೆವು?

ನಮ್ಮೂರಿನಲ್ಲಿ ನೌಕಾಸೇನೆಯಿಂದ ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ೧೯೭೧ರಲ್ಲಿ ಅವರು ‘ಮೈಸೂರು’ ಹಡಗಿನ ಬಾಯ್ಲರ್ ಕೋಣೆಯಲ್ಲಿದ್ದರು. ಕಳೆದ ದಸರೆಯ ರಜೆಯಲ್ಲಿ ನಾನು ಕೇಳಿಕೊಂಡಾಗ ಬಿಸ್ಕತ್ತಿನ ಡಬ್ಬಿಯಿಂದ ಸಂಗ್ರಾಮ ಪದಕವನ್ನೂ ಪಶ್ಚಿಮೀ ತಾರೆಯನ್ನೂ ತೆಗೆದು ತೋರಿಸಿದರು. “ಮಾವ, ಇದರ ಅಂಚಿನ ಮೇಲೆ ಬರೆದದ್ದನ್ನು ಓದಿದ್ದೀರಾ?” ಎಂದು ಕೇಳಿದೆ. ಅವರು ನಕ್ಕು, “ಓದೂದೇನ್ ಬಂತು ತಮ್ಮಾ? ಅದು ನನ್ನ ನಂಬರು. ಹೆಂಡ್ತಿ ಹೆಸ್ರು ಮರೆತ್ರೂ ಆ ನಂಬರು ಮರೆಯೂದಿಲ್ಲ” ಎಂದರು. ಯುದ್ಧದಲ್ಲಿ ಏನು ಕಂಡಿರಿ ಎಂದರೆ, “ಕಾಣೂದು ಎಲ್ಲಿ? ಮೇಲೆ ಏನಾಯ್ತು ಅಂತ ನಮಗೆ ಗೊತ್ತೇ ಇಲ್ಲ. ಗೊತ್ತಿದ್ದದ್ದು ಸೆಖೆ ಒಂದೇ. ತೂತು ಬಿದ್ರೆ ಮೊದಲು ನೀರು ಬರೂದು ನಮ್ಮ ಹತ್ರ ಅಂತ ಎಲ್ಲರಿಗೂ ಗೊತ್ತಿತ್ತು, ಯಾರೂ ಮಾತಾಡ್ತಿರಲಿಲ್ಲ” ಎಂದರು. ‘ಖುಕ್ರಿ’ಯ ಸುದ್ದಿ ಬಂದ ದಿನ ಊಟದ ತಟ್ಟೆಗಳು ಹಾಗೆಯೇ ಉಳಿದುವಂತೆ. ಇದು ಯಾವ ಪುಸ್ತಕದಲ್ಲಿಯೂ ನನಗೆ ಸಿಕ್ಕಿರಲಿಲ್ಲ. ಯಾರೋ ವ್ಯಾಪಾರಿ ಬಂದು ಪದಕಗಳಿಗೆ ಬೆಲೆ ಕೇಳಿ ಹೋಗಿದ್ದನಂತೆ. ಅವರ ಕಥೆಯನ್ನು ಮಾತ್ರ ಕೇಳಲಿಲ್ಲವಂತೆ.

ವ್ಯಾಪಾರಿಗೂ ನಿಜವಾದ ಸಂಗ್ರಾಹಕನಿಗೂ ಇರುವ ಭೇದ ಇದೇ ಎಂದು ನನ್ನ ಅಭಿಪ್ರಾಯ. ಪದಕವನ್ನು ಕೊಳ್ಳಲು ನಮ್ಮಂಥ ವಿದ್ಯಾರ್ಥಿಗಳ ಬಳಿ ಹಣವಿಲ್ಲ. ಕೊಳ್ಳುವ ಅಗತ್ಯವೂ ಇಲ್ಲ. ಪದಕ ಅದನ್ನು ಗಳಿಸಿದ ಮನೆಯಲ್ಲಿಯೇ ಇರಲಿ. ನಾವು ಕೂಡಿಸಬೇಕಾದದ್ದು ಅಂಚಿನ ಬರಹವನ್ನು. ನಮ್ಮ ಕಾಲೇಜಿಗೆ ಬರುವ ವಿದ್ಯಾರ್ಥಿಗಳು ನಾಲ್ಕಾರು ಹೋಬಳಿಗಳ ಹಳ್ಳಿಗಳವರು. ಸೈನ್ಯದಿಂದಲೋ ನೌಕಾಸೇನೆಯಿಂದಲೋ ಮರಳಿದವರು ನಮ್ಮ ಬಹಳಷ್ಟು ಹಳ್ಳಿಗಳಲ್ಲಿ ಇದ್ದಾರೆ. ರಜೆಯಲ್ಲಿ ಒಬ್ಬೊಬ್ಬರು ಒಬ್ಬರನ್ನು ಕಂಡು, ಅವರ ಒಪ್ಪಿಗೆ ಪಡೆದು, ಪದಕದ ಹೆಸರು, ಅಂಚಿನ ಬರಹ, ಹಡಗು ಅಥವಾ ದಳ, ಇದ್ದ ವರ್ಷಗಳು, ಮಾಡಿದ ಕೆಲಸ, ಅವರು ಹೇಳಿದ ಮಾತು ಇಷ್ಟನ್ನು ಅವರ ಮಾತಿನಲ್ಲಿಯೇ ಬರೆದುಕೊಂಡು ಬಂದರೆ ಸಾಕು. ಪದಕವನ್ನು ತಿಕ್ಕಿ ಬೆಳಗಬಾರದೆಂದೂ ಒಂದು ಮಾತು ಹೇಳಿ ಬರಬೇಕು. ಅವರು ಬೇಡವೆಂದದ್ದನ್ನು ಬರೆಯಬಾರದು. ಈ ಬರಹಗಳನ್ನು ಒಂದೆಡೆ ಕಟ್ಟಿಸಿ ನಮ್ಮ ಗ್ರಂಥಭಂಡಾರದಲ್ಲಿಡಲು ಚರಿತ್ರೆಯ ಅಧ್ಯಾಪಕರು ಸಮ್ಮತಿಸಿದ್ದಾರೆ. ಖರ್ಚೇನೂ ಇಲ್ಲ, ಒಂದು ನೋಟ್‌ಬುಕ್ಕು, ಒಂದು ಮಧ್ಯಾಹ್ನ.

೧೮೪೭ರಲ್ಲಿ ಇಂಗ್ಲೆಂಡಿನ ಸರಕಾರ ನಲವತ್ತು ಐವತ್ತು ವರ್ಷ ತಡಮಾಡಿತು. ಅಷ್ಟರಲ್ಲಿ ಹತ್ತರಲ್ಲಿ ಒಂಬತ್ತು ಮಂದಿ ಕೈತಪ್ಪಿದ್ದರು. ೧೯೭೧ರಲ್ಲಿ ಇಪ್ಪತ್ತು ವರ್ಷದವರಾಗಿದ್ದ ನಮ್ಮ ನಾವಿಕರಿಗೆ ಈಗ ಎಪ್ಪತ್ತು ದಾಟಿದೆ. ಅವರು ಅರ್ಜಿ ಹಾಕಿಕೊಳ್ಳಲಿ ಎಂದು ನಾವು ಕಾಯತಕ್ಕದ್ದಲ್ಲ. ಅಕ್ಷರ ಕಲಿತವರು ನಾವು. ನಾವೇ ಅವರ ಮನೆಯ ಬಾಗಿಲಿಗೆ ಹೋಗತಕ್ಕದ್ದು.